ಎಡದಿಂದ ಬಲಕ್ಕೆ ಹದಿನಾಲ್ಕು

ಪತ್ರಿಕಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದವನಿಗೆ ಬೆಚ್ಚಿಬೀಳುವುದು ಮರೆತೇಹೋಗಿರುತ್ತದೆ. ಎಲ್ಲೋ ಸೇತುವೆ ಕುಸಿಯಿತು ಎಂದರೆ ‘ಎಷ್ಟು ಸಾಲು ಬೇಕು’ ಎಂದು ಕೇಳುತ್ತೇವೆ. ಯಾರೋ ದೊಡ್ಡವರು ಹೋದರು ಎಂದರೆ ‘ಫೋಟೊ ಇದೆಯಾ’ ಎನ್ನುತ್ತೇವೆ. ಇಷ್ಟು ದಪ್ಪ ಚರ್ಮದ ನಾನು, ನನ್ನದೇ ಪುಟದ ಕೆಳಮೂಲೆಯಲ್ಲಿ ನಾನೇ ಟೈಪ್ ಮಾಡಿದ ಮೂರು ಪದಗಳಿಂದ ತತ್ತರಿಸಿಹೋದೆ. ಇದಾಗಿ ತಿಂಗಳಾಯಿತು. ಈಗಲೂ ಹಲ್ಲುಜ್ಜುವಾಗ ನೆನಪಾದರೆ ಬ್ರಷ್ಷು ಬಾಯಲ್ಲೇ ನಿಂತುಬಿಡುತ್ತದೆ.

ಆ ಮೂರು ಪದ ಬರೆದವಳು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಮೂವತ್ತನಾಲ್ಕು ವರ್ಷ ನಮ್ಮ ಪತ್ರಿಕೆಗೆ ದಿನಕ್ಕೊಂದು ಪದಬಂಧ ಕಟ್ಟಿಕೊಟ್ಟವಳು. ಪುಟದಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ. ಕಚೇರಿಯಲ್ಲಿ ಮಾತ್ರ ಎಲ್ಲರೂ ಅವಳನ್ನು ‘ಚೌಕದಮ್ಮ’ ಎನ್ನುತ್ತಿದ್ದರು. ಮೊದಲು ಅಲ್ಲಿಯೇ ಕರಡು ತಿದ್ದುವ ಕೆಲಸದಲ್ಲಿದ್ದಳು. ಆಮೇಲೆ ಅದನ್ನು ಬಿಟ್ಟು ಮನೆಯಿಂದಲೇ ಚೌಕ ಕಟ್ಟತೊಡಗಿದಳು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, ‘ನನ್ನ ಸುಳಿವು ಯಾರಿಗೂ ಬಿಡಿಸೋಕಾಗ್ಲಿಲ್ಲ’ ಎಂದು ನಗಿಸಿ ಮಾತು ಹಾರಿಸುತ್ತಿದ್ದಳು.

ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಅವಳ ಕೋಣೆ. ಕೆಳಗೆ ಹೊತ್ತೇರಿದಾಗಿನಿಂದ ಕಬ್ಬಿಣ ಉಜ್ಜುವ ಕಿರ್ ಕಿರ್ ಸದ್ದು. ಮೇಲೆ ಕಿಟಕಿಗೆ ಒತ್ತಿಕೊಂಡ ಮೇಜು, ಮರದ ಅಡಿಕೋಲು, ಬ್ಲೇಡಿನಲ್ಲಿ ಹೆರೆದ ಪೆನ್ಸಿಲುಗಳು, ರಬ್ಬರಿನ ಪುಡಿ ಗುಡಿಸಲು ಒಂದು ಬಣ್ಣದ ಕುಂಚ. ಗೋಡೆಯುದ್ದಕ್ಕೂ ಹನ್ನೆರಡು ಶೂ ಡಬ್ಬಿ. ಅವಳ ಆಸ್ತಿಯೆಲ್ಲ ಆ ಡಬ್ಬಿಗಳಲ್ಲಿ. ಒಂದೊಂದು ಪದಕ್ಕೆ ಒಂದೊಂದು ರಟ್ಟಿನ ಚೀಟಿ. ಆ ಪದಕ್ಕೆ ಕೊಟ್ಟ ಸುಳಿವು, ಪಕ್ಕದಲ್ಲಿ ಅದು ಅಚ್ಚಾದ ತಾರೀಖು. ಒಮ್ಮೆ ಕೊಟ್ಟ ಸುಳಿವು ಹತ್ತು ವರ್ಷ ತಿರುಗಿ ಬರಕೂಡದು. ಇದು ಅವಳೇ ಹಾಕಿಕೊಂಡ ಕಟ್ಟಳೆ, ಕೇಳಿದವರು ಯಾರೂ ಇರಲಿಲ್ಲ.

ಚಿಕ್ಕಂದಿನಲ್ಲಿ ನಾನು ಶಾಲೆ ಬಿಟ್ಟೊಡನೆ ಓಡುತ್ತಿದ್ದುದು ಅಲ್ಲಿಗೇ. ಡಬ್ಬಿ ತೆಗೆದು ಚೀಟಿ ಓದುವುದು ನನ್ನ ಆಟ. ಅದರಲ್ಲೂ ಹುಡುಗರ ಚೀಟಿಗಳೆಂದರೆ ನನಗೆ ಪ್ರಾಣ, ಅವೆಲ್ಲ ನನ್ನ ಮೇಲೆಯೇ ಬರೆದವು ಎಂಬ ಜಂಬ. ‘ಹುಡುಗ’ನಿಗೆ ಅವಳ ಸುಳಿವು: ‘ಹುಡುಗಿಯ ಗುಡಿಸು ಕಳೆದರೆ’. ‘ಬಾಲಕ’ನಿಗೆ: ‘ಬಾಲವಿದ್ದರೂ ಕೋತಿಯಲ್ಲ’. ‘ಹೈದ’ನಿಗೆ: ‘ಹೈರಾಣಾದವನ ನಡು ಕಾಣೆ’ ಎಂದು ಮೊದಲು ಬರೆದು, ಹೈರಾಣಾದವನ ಎಂದರೆ ಕೊನೆಯ ಅಕ್ಷರ ತಪ್ಪುತ್ತದೆಂದು ಹೊಡೆದು, ‘ಹೈರಾಣಾದ ಹುಡುಗನಿಗೆ ನಡುವೇ ಇಲ್ಲ’ ಎಂದು ತಿದ್ದಿದ್ದಳು. ‘ಪೋರ’ನ ಚೀಟಿಯಂತೂ ಎರಡೂ ಬದಿ ತುಂಬಿ, ಮೂರು ಚೀಟಿ ಸೇರಿಸಿ ಪಿನ್ನು ಚುಚ್ಚಿತ್ತು. ಅದರಲ್ಲಿ ನನಗೆ ಬಾಯಿಪಾಠವಾಗಿದ್ದದ್ದು ಒಂದು: ‘ಪೋಷಕರ ಎರಡು ತುದಿಗೂ ಜೋತುಬಿದ್ದ ಹುಡುಗ’. ಪೋಷಕರ ಎಂಬುದರ ಮೊದಲ ಅಕ್ಷರ ಪೋ, ಕೊನೆಯದು ರ. ಆಗ ಅದನ್ನು ಬಿಡಿಸಿ ಹಿರಿಹಿರಿ ಹಿಗ್ಗಿದ್ದೆ. ಅದರಾಚೆ ಏನೂ ಹೊಳೆಯಲಿಲ್ಲ, ದಡ್ಡ ಮುಂಡೇದು.

ಒಂದೇ ಒಂದು ಪದ ಅವಳ ಚೌಕಕ್ಕೆ ಬರುತ್ತಿರಲಿಲ್ಲ. ಮಗ. ಎರಡೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ, ಯಾವ ಮೂಲೆಗಾದರೂ ತುರುಕಬಹುದು. ಪದಬಂಧ ಕಟ್ಟುವವರಿಗೆ ಅಂಥ ಪದ ಕೈತುಂಬ ಸಿಕ್ಕ ಚಿಲ್ಲರೆ ಇದ್ದ ಹಾಗೆ. ಆದರೆ ಕಟ್ಟುತ್ತಾ ಕಟ್ಟುತ್ತಾ ಮೂಲೆಯಲ್ಲಿ ತಾನಾಗಿ ‘ಮಗ’ ಮೂಡಿದರೆ ಅವಳು ಆ ಮೂಲೆಯನ್ನೇ ಅಳಿಸಿ ಹೊಸದಾಗಿ ಕಟ್ಟುತ್ತಿದ್ದಳು. ಹತ್ತು ವರ್ಷದವನಿದ್ದಾಗ ನಾನೇ ಒಂದು ಸುಳಿವು ಮಾಡಿಕೊಟ್ಟಿದ್ದೆ: ‘ಕೊಂಬು ಮುರಿದ ಮಗು’. ಮಗು ಪದದ ಕೊಂಬು ತೆಗೆದರೆ ಮಗ. ಅವಳು ಪೆನ್ಸಿಲು ಕೆಳಗಿಟ್ಟು ನನ್ನನ್ನು ತುಂಬ ಹೊತ್ತು ನೋಡಿದಳು.

“ಚೆನ್ನಾಗಿದೆ ಮರಿ. ಆದ್ರೆ ಹಾಕಲ್ಲ.”

“ಯಾಕೆ?”

“ಆ ಪದಕ್ಕೆ ನನ್ನ ಹತ್ರ ಒಂದು ಸುಳಿವಿದೆ. ಮೊದಲು ಅದು ಬರ್ಬೇಕು.”

ಮತ್ತೊಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವಳೇ ನನಗೊಂದು ಒಗಟು ಹಾಕಿದಳು. “ಚಿಕ್ಕಮ್ಮನಲ್ಲಿ ಚಿಕ್ಕದನ್ನ ತೆಗೆದುಬಿಟ್ರೆ ಏನುಳಿಯುತ್ತೆ?” ನಾನು ಬೆರಳು ಮಡಚಿ ಅಕ್ಷರ ಎಣಿಸಿದೆ. ಚಿ, ಕ್ಕ ಹೋದರೆ ಉಳಿಯುವುದು ‘ಮ್ಮ’ ಒಂದೇ. “ಅಂಥ ಪದಾನೇ ಇಲ್ಲ, ಒಂದಕ್ಷರ ಕಮ್ಮಿ ಬೀಳುತ್ತೆ” ಎಂದೆ. ಅವಳು ನಕ್ಕಳು. ಅಮ್ಮ ಮಾತ್ರ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, “ಸಾಕು, ಊಟದ ಹೊತ್ತಲ್ಲಿ ನಿನ್ನ ಆಟ” ಎಂದು ಗದರಿದಳು. ತಂಗಿಯನ್ನು ಅಮ್ಮ ಅಷ್ಟು ಗಟ್ಟಿಯಾಗಿ ಗದರಿದ್ದು ನಾನು ಕೇಳಿದ್ದು ಅದೊಂದೇ ಸಲ.

ಅಮ್ಮನ ಬಗ್ಗೆಯೂ ಹೇಳಬೇಕು. ಅಪ್ಪ ತೀರಿಕೊಂಡು ಮೂರು ವರ್ಷ. ನಾನು ಮದುವೆಯ ಗೊಡವೆಗೆ ಹೋಗಲಿಲ್ಲ, ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಪತ್ರಿಕೆ ಬಾಗಿಲಿಗೆ ಬಿದ್ದ ಸದ್ದಾಗುವುದೇ ತಡ, ಅಮ್ಮ ಮುಖ ತೊಳೆಯುವ ಮುಂಚೆ ಪದಬಂಧದ ಪುಟ ತೆರೆಯುತ್ತಿದ್ದಳು. ತಂಗಿ ಕಟ್ಟಿದ್ದನ್ನು ಅಕ್ಕ ಬಿಡಿಸಬೇಕು. ಒಂದು ಚೌಕವನ್ನೂ ಖಾಲಿ ಬಿಟ್ಟವಳಲ್ಲ. ಜ್ವರ ಬಂದು ಮಲಗಿದ್ದಾಗಲೂ ಪೆನ್ಸಿಲು ಕೇಳಿದ್ದಳು. ನಾನು ಇದನ್ನು ಅಕ್ಕತಂಗಿಯರ ಅಕ್ಕರೆ ಎಂದುಕೊಂಡು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ.

ಈ ವರ್ಷ ನಮ್ಮ ಸಂಪಾದಕರು ನನ್ನನ್ನು ಕರೆದು, ಇನ್ನು ಮುಂದೆ ಪದಬಂಧವನ್ನು ಹೊರಗಿನ ಕಂಪನಿಯೊಂದು ಕಂಪ್ಯೂಟರಿನಲ್ಲಿ ಮಾಡಿ ಕಳಿಸುತ್ತದೆ ಎಂದರು. ಚಿಕ್ಕಮ್ಮನ ಕಣ್ಣೂ ಮಂಜಾಗುತ್ತಿತ್ತು. ಸುದ್ದಿಯನ್ನು ನಾನೇ ಅವಳಿಗೆ ಮುಟ್ಟಿಸಿದೆ. ಅತ್ತಾಳೋ, ಬೈದಾಳೋ ಎಂದು ಅಳುಕುತ್ತಾ ಹೋಗಿದ್ದೆ. ಅವಳು ಕೇಳಿದ್ದು ಒಂದೇ: “ಕೊನೇದು ಯಾವತ್ತು?”

“ಬರೋ ಶನಿವಾರ.”

“ಹಾಗಾದ್ರೆ ಒಂದು ಬಾಕಿ ಇದೆ” ಎಂದಳು. ಕಾಗದ ಎಳೆದುಕೊಂಡು ಅಡಿಕೋಲು ಇಟ್ಟಳು.

ಶುಕ್ರವಾರ ಮಧ್ಯಾಹ್ನ ಅವಳ ಕೊನೆಯ ಚೌಕ ನನ್ನ ಮೇಜಿಗೆ ಬಂತು. ಟೈಪ್ ಮಾಡುತ್ತಾ ಹದಿನಾಲ್ಕಕ್ಕೆ ಬಂದಾಗ ಕಂಡಿತು. ಎಡದಿಂದ ಬಲಕ್ಕೆ, ಎರಡಕ್ಷರ: ‘ಚಿಕ್ಕಮ್ಮ ಎಂದು ಕರೆಯುವವನು’. ಉತ್ತರದ ಚೌಕದಲ್ಲಿ ಮ, ಗ. ನನಗೆ ಕಣ್ಣು ತುಂಬಿ ಬಂತು. ಮೂವತ್ತನಾಲ್ಕು ವರ್ಷ ದೂರವಿಟ್ಟ ಪದವನ್ನು ಕೊನೆಯ ದಿನ ತಂದು, ಅದರಲ್ಲಿ ನನ್ನನ್ನು ಕೂರಿಸಿದ್ದಾಳೆ, ಅಕ್ಕನ ಮಗನಿಗೆ ಬೀಳ್ಕೊಡುಗೆ ಎಂದುಕೊಂಡೆ. ಸುಳಿವು ಸ್ವಲ್ಪ ಸಡಿಲ ಅನ್ನಿಸಿತು. ಅನ್ನಿಸಿದರೂ, ಹೋಗಲಿ ಬಿಡು, ಪ್ರೀತಿಯಿಂದ ಬರೆದದ್ದು ಎಂದು ಪುಟ ಕಳಿಸಿದೆ.

ಶನಿವಾರ ಬೆಳಗ್ಗೆ ಅಮ್ಮ ಎಂದಿನಂತೆ ಪೆನ್ಸಿಲು ಹಿಡಿದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪತ್ರಿಕೆ ಮಡಿಸಿ ಮೇಜಿನ ಮೇಲಿಟ್ಟಿದ್ದಳು. ತೆರೆದು ನೋಡಿದರೆ ಎಲ್ಲ ತುಂಬಿತ್ತು, ಹದಿನಾಲ್ಕನೆಯದರ ಎರಡು ಚೌಕ ಬಿಟ್ಟು. ಮೇಲಿನಿಂದ ಇಳಿಯುವ ಪದಗಳನ್ನೂ ಆ ಎರಡು ಚೌಕದ ಹತ್ತಿರ ನಿಲ್ಲಿಸಿದ್ದಳು.

“ಅಮ್ಮ, ಅದು ನಾನೇ ಅಲ್ವಾ?” ಎಂದು ರೇಗಿಸಿದೆ.

“ನಂಗೆ ಗೊತ್ತಾಗ್ಲಿಲ್ಲ” ಎಂದಳು. ಒಲೆಯ ಕಡೆ ತಿರುಗಿ ನಿಂತಿದ್ದಳು. ಮುಖ ಕಾಣಲಿಲ್ಲ.

ಭಾನುವಾರ ಉತ್ತರ ಅಚ್ಚಾಯಿತು. ಸೋಮವಾರ ಕಚೇರಿಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಚಿಕ್ಕಮ್ಮ ಎಂದು ಕರೆಯುವವನು ಅಕ್ಕನ ಮಗನಾಗುತ್ತಾನೆ, ಬರಿಯ ಮಗ ಹೇಗಾದಾನು ಎಂದು ಹಲವರು. ಮಲತಾಯಿಯನ್ನೂ ಚಿಕ್ಕಮ್ಮ ಎನ್ನುವುದುಂಟು, ಆದ್ದರಿಂದ ಸರಿ ಎಂದು ನಿವೃತ್ತ ಮೇಷ್ಟ್ರೊಬ್ಬರು. ಮೇಷ್ಟ್ರು ಹೇಳಿದ್ದು ತಪ್ಪು ಎಂದು ಅವರ ಹೆಂಡತಿ, ಅದೇ ಫೋನಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಕರೆ. ಸಂಪಾದಕರು ನನ್ನ ಮೇಜಿಗೇ ಬಂದರು.

“ಏನ್ರೀ ಇದು, ಹೋಗ್ತಾ ಹೋಗ್ತಾ ಚೌಕದಮ್ಮ ಹೀಗೆ ಮಾಡೋದಾ? ನಾಳೆಗೆ ತಿದ್ದುಪಡಿ ಹಾಕಿ, ನಾಲ್ಕು ಗಂಟೆಯೊಳಗೆ ಕೊಡಿ.”

ನನಗೆ ಅವಳ ಮರ್ಯಾದೆಯದೇ ಚಿಂತೆ. ಮೂವತ್ತನಾಲ್ಕು ವರ್ಷದಲ್ಲಿ ಅವಳ ತಪ್ಪುಗಳು ಹನ್ನೊಂದೇ ಹನ್ನೊಂದು, ಹನ್ನೊಂದಕ್ಕೂ ಮರುದಿನವೇ ತಾನಾಗಿ ತಿದ್ದುಪಡಿ ಬರೆದು ಕೊಟ್ಟಿದ್ದಳು. ಒಮ್ಮೆ ಜೇಡಕ್ಕೆ ‘ಬಲೆ ನೇಯುವ ಕೀಟ’ ಎಂದು ಬರೆದು, ಜೇಡ ಕೀಟದ ಜಾತಿಗೆ ಸೇರಿದ್ದಲ್ಲ ಎಂದು ಯಾರೋ ಪತ್ರ ಹಾಕಿದಾಗ ಆ ದಿನ ಊಟ ಬಿಟ್ಟಿದ್ದಳು. ಅಂಥವಳ ಕೊನೆಯ ಚೌಕಕ್ಕೇ ಮಸಿ ಬೀಳುವುದೇ? ಏನಾದರೂ ದಾರಿ ಹುಡುಕೋಣ ಎಂದು ಬೀಗದವನ ಮೆಟ್ಟಿಲು ಹತ್ತಿದೆ.

ಕೋಣೆಯಲ್ಲಿ ಶೂ ಡಬ್ಬಿಗಳನ್ನೆಲ್ಲ ಹುರಿಯಿಂದ ಕಟ್ಟಿ ಜೋಡಿಸಿದ್ದಳು. ಮೇಜು ಬೋಳಾಗಿತ್ತು. ಅವಳು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು, ತೊಡೆಯ ಮೇಲೆ ಒಂದು ಚೀಟಿ.

“ಚಿಕ್ಕಮ್ಮ, ದಡ ಮುಟ್ಟೋ ಹೊತ್ತಿಗೆ ದೋಣಿ ಅಲ್ಲಾಡಿಸಿಬಿಟ್ಯಲ್ಲ” ಎಂದೆ. “ಇಪ್ಪತ್ಮೂರು ಫೋನು. ತಿದ್ದುಪಡಿ ಕೇಳ್ತಿದ್ದಾರೆ.”

“ತಿದ್ದುಪಡಿ ಬೇಡ.”

“ಬೇಡ ಅಂದ್ರೆ? ಜೇಡಕ್ಕೆ ಊಟ ಬಿಟ್ಟವಳು ನೀನು.”

“ಜೇಡದ್ದು ತಪ್ಪಾಗಿತ್ತು. ಇದು ಸರಿಯಾಗಿದೆ.”

“ಸರಿ, ಹಾಗಿದ್ರೆ ಎರಡು ಸಾಲು ವಿವರಣೆ ಹಾಕ್ತೀನಿ. ಅಕ್ಕನ ಮಗನೂ ಮಗನ ಸಮಾನ ಅಂತ.”

“ನಾನು ಸಮಾನ ಅಂತ ಬರೆದಿದ್ದೀನಾ?”

“ಇಲ್ಲ. ಮಲತಾಯಿ ಅನ್ನೋ ಅರ್ಥದಲ್ಲಿ...”

“ನಂಗೆ ಮದುವೇನೇ ಆಗಿಲ್ವಲ್ಲೋ.”

ನನಗೆ ತಾಳ್ಮೆ ಕೆಟ್ಟಿತು. “ಇಲ್ಲಿ ನಿನ್ನ ಮಾತು ಯಾಕೆ ಬಂತು? ಸುಳಿವು ಅಂದ್ಮೇಲೆ ಎಲ್ರಿಗೂ ಸೇರಿದ್ದು.”

“ಇದೊಂದು ಎಲ್ರಿಗೂ ಸೇರಿದ್ದಲ್ಲ” ಎಂದು ತೊಡೆಯ ಮೇಲಿನ ಚೀಟಿಯನ್ನು ನನ್ನ ಕೈಗಿಟ್ಟಳು.

ಮೇಲೆ ‘ಮಗ’ ಎಂದಿತ್ತು. ಕೆಳಗೆ ಒಂದೇ ಸುಳಿವು, ಅದೇ ಮೂರು ಪದ. ಶಾಯಿ ಮಾಸಿ ಕಂದಾಗಿತ್ತು. ಕಸುಬು ಹಿಡಿದ ಹೊಸದರಲ್ಲಿ ಅವಳು ಬರೆಯುತ್ತಿದ್ದ ದುಂಡು ಅಕ್ಷರ. ತಾರೀಖಿನ ಜಾಗದಲ್ಲಿ ಮಾತ್ರ ಹೊಸ ಪೆನ್ಸಿಲಿನಲ್ಲಿ ಮೊನ್ನೆಯ ಶನಿವಾರ.

“ನಿನ್ನನ್ನ ಹೆತ್ತಿದ್ದು ನಾನು” ಎಂದಳು. “ಸಾಕಿದ್ದು ಅಕ್ಕ.”

ಕೆಳಗೆ ಬೀಗದವನು ಉಜ್ಜುತ್ತಲೇ ಇದ್ದ, ಆ ಸದ್ದು ನನ್ನ ಹಲ್ಲಿನೊಳಗೆ ಕೇಳಿಸುತ್ತಿತ್ತು. ಏನಾದರೂ ಹೇಳಬೇಕು, ಕಿರುಚಬೇಕು, ಇಲ್ಲ ಅವಳ ಕೈಯಾದರೂ ಹಿಡಿಯಬೇಕು. ಇಷ್ಟು ಕೇಳಿಯೂ ನನ್ನ ಬಾಯಿಂದ ಬಂದದ್ದು, “ಹಾಗಾದ್ರೆ ನಾಲ್ಕು ಗಂಟೆಗೆ ಏನು ಕೊಡ್ಲಿ?”

ಅವಳು ಉಳಿದದ್ದನ್ನು ಕರಡು ಓದಿದಂತೆ ಏರಿಳಿತವಿಲ್ಲದೆ ಹೇಳಿದಳು. ಅಚ್ಚುಮೊಳೆ ಜೋಡಿಸುವವನೊಬ್ಬ ಇದ್ದ. ಮದುವೆಯಾಗುತ್ತೇನೆಂದ. ಬೇರೆ ಊರಿನಲ್ಲಿ ಹೆಚ್ಚಿನ ಸಂಬಳ ಸಿಕ್ಕಿತೆಂದು ಹೋದವನು ತಿರುಗಿ ನೋಡಲಿಲ್ಲ. ಅವಳಿಗೆ ಇಪ್ಪತ್ತಮೂರು ವರ್ಷ. ಅಕ್ಕನಿಗೆ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅಕ್ಕತಂಗಿಯರಿಬ್ಬರೂ ಐದು ತಿಂಗಳು ಯಾರ ಪರಿಚಯವೂ ಇಲ್ಲದ ಊರಿನಲ್ಲಿದ್ದರು. ಹಿಂದಿರುಗುವಾಗ ರೈಲಿನಲ್ಲಿ ಮಗು ತಂಗಿಯ ತೊಡೆಯ ಮೇಲಿತ್ತು. ಊರಿನ ನಿಲ್ದಾಣ ಬರುವ ಮುಂಚೆ ಅಕ್ಕನ ತೊಡೆಗೆ ಹೋಯಿತು.

“ಭಾವನಿಗೆ ಮಾತು ಕೊಟ್ಟಿದ್ದೆ, ಅವರು ಇರೋವರೆಗೂ ಬಾಯಿ ಬಿಡಲ್ಲ ಅಂತ. ಅವರು ಹೋದ್ಮೇಲೆ ಹೇಳಬಹುದಿತ್ತು, ಧೈರ್ಯ ಸಾಲ್ಲಿಲ್ಲ. ನಾಳೆ ಹಾಕೋಣ, ನಾಳಿದ್ದು ಹಾಕೋಣ ಅಂದ್ಕೊಂಡೆ. ನೀನು ಬಂದು, ಶನಿವಾರ ಆದ್ಮೇಲೆ ನಾಳೇನೇ ಇಲ್ಲ ಅಂದೆ.”

ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, “ತಿದ್ದುಪಡಿ ಹಾಕಿದ್ರೆ ನೀನು ನನ್ನ ಮಗ ಅಲ್ಲ ಅಂತ ಅಚ್ಚಾಗುತ್ತೆ” ಎಂದಳು. “ಅದೊಂದು ಬೇಡ. ಬೇರೇನೂ ಕೇಳಲ್ಲ.”

ನಾನು ಎದ್ದು ಬಂದೆ. ಅವಳ ಕೈ ಕೂಡ ಹಿಡಿಯದೆ ಬಂದೆ, ಅದಕ್ಕೆ ಇವತ್ತೂ ನಾಚಿಕೆಯಾಗುತ್ತದೆ. ಬಸ್ಸು ಹಿಡಿಯಬೇಕು ಎಂಬುದೂ ಮರೆತು ಮನೆವರೆಗೆ ನಡೆದೇ ಹೋದೆ. ಎದುರಿಗೆ ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನು ಬಾಯಿ ತೆರೆದುಕೊಂಡೇ ನಡೆಯುತ್ತಿದ್ದೆನಂತೆ. ಪಕ್ಕದ ಮನೆಯಾಕೆ ಆಮೇಲೆ ಹೇಳಿದ್ದು.

ಅಮ್ಮ ಬಟ್ಟೆ ಮಡಿಸುತ್ತಿದ್ದಳು. ನನ್ನ ಮುಖ ನೋಡಿದವಳೇ ಕೈಯಲ್ಲಿದ್ದ ಅಂಗಿಯನ್ನು ಮಡಿಸದೆ ಕೆಳಗಿಟ್ಟಳು.

“ಹೇಳಿದ್ಲಾ?”

“ನಿಜಾನಾ ಅಮ್ಮ?”

“ಅವಳು ಸುಳ್ಳು ಸುಳಿವು ಯಾವತ್ತು ಕೊಟ್ಟಿದ್ದಾಳೆ?”

ನಾನು ಗೋಡೆಗೆ ಒರಗಿ ನೆಲದ ಮೇಲೆಯೇ ಕೂತೆ. ಅಮ್ಮ ನನ್ನ ಪಕ್ಕಕ್ಕೆ ಬರಲಿಲ್ಲ, ಬರಬಹುದೋ ಇಲ್ಲವೋ ಎಂಬ ಅನುಮಾನ ಅವಳ ನಿಲುವಿನಲ್ಲೇ ಇತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಅದನ್ನು ಕಂಡು.

“ನಂಗೆ ಪದಬಂಧದ ಹುಚ್ಚು ಅಂತ ಎಲ್ರಿಗೂ ಹೇಳ್ತಿದ್ದೆ ನೀನು” ಎಂದಳು. “ಹುಚ್ಚೂ ಇಲ್ಲ ಗಿಚ್ಚೂ ಇಲ್ಲ. ಚೌಕ ಕಟ್ಟೋಕೆ ಹಿಡಿದ ವರ್ಷಾನೇ ಅವಳು ಹೇಳಿದ್ಲು, ಅಕ್ಕ, ಬಾಯಿ ಬಿಡಲ್ಲ, ಆದ್ರೆ ಒಂದಿನ ಚೌಕದಲ್ಲಿ ಹಾಕ್ತೀನಿ ಅಂತ. ಅವತ್ತಿಂದ ದಿನಾ ಬೆಳಗ್ಗೆ ಪೇಪರ್ ತೆಗೆದು, ಆ ಪದ ಬಂದಿದ್ಯಾ ಅಂತ ಮೊದಲು ಹುಡುಕ್ತಿದ್ದೆ. ಇಲ್ಲ ಅಂತ ಗೊತ್ತಾದ್ಮೇಲೆ ಉಸಿರು ಬರೋದು. ಇನ್ನೊಂದು ದಿನ ನೀನು ನನ್ನವನು ಅಂತ.”

ಮೂವತ್ತನಾಲ್ಕು ವರ್ಷದ ಬೆಳಗುಗಳು. ಅಷ್ಟೂ ಬೆಳಗು ನಾನು ಅದೇ ಮೇಜಿನ ಎದುರು ಕೂತು ಬ್ರೆಡ್ಡು ತಿನ್ನುತ್ತಾ, ‘ಅಮ್ಮ, ಮುಗೀತಾ?’ ಎಂದು ತಮಾಷೆ ಮಾಡಿದ್ದೆ. ಇದನ್ನು ಯೋಚಿಸಿದಾಗ ಚಿಕ್ಕಮ್ಮ ಹೇಳಿದ್ದಕ್ಕಿಂತಲೂ ದೊಡ್ಡ ಪೆಟ್ಟು ಬಿದ್ದ ಹಾಗಾಯಿತು. ಒಬ್ಬಳು ಅಚ್ಚು ಹಾಕಿಸಲು ಕಾದಳು, ಇನ್ನೊಬ್ಬಳು ಅಚ್ಚಾಗದಿರಲಿ ಎಂದು ಕಾದಳು, ನಡುವೆ ನಾನು ಪುಟ ಕಟ್ಟುತ್ತಿದ್ದೆ. ಪೋಷಕರ ಎರಡು ತುದಿಗೂ ಜೋತುಬಿದ್ದವನು. ಆ ಸುಳಿವೂ ಆಗ ಅರ್ಥವಾಯಿತು.

ಎದ್ದು ಹೋಗಿ ಅಮ್ಮನ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ, ಹೇಳಿದ್ದು ಸಾಕಾಗಲಿಲ್ಲ ಎಂಬುದು ಮಾತ್ರ ನೆನಪಿದೆ. ಅವಳೇ ಗಡಿಯಾರ ನೋಡಿ, “ನಾಲ್ಕಕ್ಕೆ ಏನೋ ಕೊಡ್ಬೇಕಿತ್ತಲ್ಲ” ಎಂದಳು.

“ಏನ್ ಕೊಡ್ಲಿ, ನೀನೇ ಹೇಳು.”

ಅಮ್ಮ ಬಿಟ್ಟಿದ್ದ ಅಂಗಿಯನ್ನು ಎತ್ತಿ ಮಡಿಸತೊಡಗಿದಳು. ತೋಳು ಒಳಕ್ಕೆ ಮಡಿಸಿ, ಕೊರಳಪಟ್ಟಿ ನೇರ ಮಾಡಿ, ಉಳಿದ ಬಟ್ಟೆಗಳ ಮೇಲಿಟ್ಟು, ಅಂಗೈಯಿಂದ ಒತ್ತಿ, ಆಮೇಲೆ ಹೇಳಿದಳು: “ತಪ್ಪಿದ್ರೆ ತಾನೇ ತಿದ್ದೋದು.”

ನಾಲ್ಕಕ್ಕೆ ಐದು ನಿಮಿಷವಿರುವಾಗ ನಾನು ತಿದ್ದುಪಡಿಯ ಜಾಗಕ್ಕೆ ಎರಡು ಸಾಲು ಕೊಟ್ಟೆ. ‘ಶನಿವಾರದ ಪದಬಂಧದಲ್ಲಿ ಎಡದಿಂದ ಬಲಕ್ಕೆ ಹದಿನಾಲ್ಕನೆಯ ಸುಳಿವಿನ ಬಗ್ಗೆ ಅನೇಕ ಓದುಗರು ವಿಚಾರಿಸಿದ್ದಾರೆ. ಸುಳಿವು ಸರಿಯಾಗಿದೆ.’ ಸಂಪಾದಕರು ಓದಿ ಕನ್ನಡಕ ತೆಗೆದರು.

“ಏನ್ರೀ, ಇದು ತಿದ್ದುಪಡೀನಾ? ಹೇಗ್ರೀ ಸರಿ ಇದು?”

“ನಾನು ವಿಚಾರಿಸಿಕೊಂಡು ಬಂದೆ ಸರ್.”

“ಯಾರನ್ನ?”

“ಇಬ್ಬರನ್ನೂ” ಎಂದೆ. ಅವರು ಇನ್ನೇನೋ ಕೇಳಹೊರಟು, ನನ್ನ ಮುಖ ನೋಡಿ ಕನ್ನಡಕ ಮತ್ತೆ ಹಾಕಿಕೊಂಡರು. ಪುಟ ಹೋಯಿತು.

ಮಂಗಳವಾರ ಬೆಳಗ್ಗೆ ಪತ್ರಿಕೆ ಬಿದ್ದಾಗ ಅಮ್ಮ ಮೊದಲು ಮುಖ ತೊಳೆದಳು. ಆಮೇಲೆ ಕಂಪ್ಯೂಟರು ಮಾಡಿದ ಹೊಸ ಪದಬಂಧದ ಕಡೆ ಕಣ್ಣೂ ಹಾಯಿಸದೆ ಆ ಎರಡು ಸಾಲು ಓದಿದಳು. ಹಳೆಯ ಪತ್ರಿಕೆಗಳ ಕಟ್ಟಿನಿಂದ ಶನಿವಾರದ್ದನ್ನು ಎಳೆದು, ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಹದಿನಾಲ್ಕನೆಯದರಲ್ಲಿ ಒಂದು ಅಕ್ಷರ ಬರೆದು, ಕೈ ನಿಲ್ಲಿಸಿ, ಇನ್ನೊಂದನ್ನೂ ಬರೆದಳು. ಅವಳ ಅಕ್ಷರ ಯಾವತ್ತೂ ದೊಡ್ಡದು, ಚೌಕದ ಗೆರೆ ದಾಟಿತು.

“ಹೋಗಿ ಬಾ” ಎಂದಳು. “ಪಾಪ, ಅವಳು ನೋಡಿರ್ತಾಳೆ. ಊಟಕ್ಕೆ ಇಲ್ಲಿಗೇ ಕರ್ಕೊಂಡು ಬಾ.”

ದಾರಿಯುದ್ದಕ್ಕೂ ಒಂದೇ ಪದವನ್ನು ಬಾಯೊಳಗೆ ಉರುಳಿಸುತ್ತಾ ಹೋದೆ. ಅದೂ ಎರಡಕ್ಷರ. ನಲವತ್ತೊಂದು ವರ್ಷದಿಂದ ದಿನಕ್ಕೆ ನೂರು ಸಲ ಅನ್ನುವ ಪದ, ಆದರೆ ಬೇರೊಬ್ಬಳಿಗೆ. ಬೀಗದವನ ಮೆಟ್ಟಿಲು ಹತ್ತುವಾಗಲೂ ಅಂದುಕೊಂಡೇ ಹತ್ತಿದೆ. ಬಾಗಿಲು ತೆರೆದಿತ್ತು. ಅವಳು ಪತ್ರಿಕೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಕಿಟಕಿಯ ಬೆಳಕಿನಲ್ಲಿ ನಿಂತಿದ್ದಳು. ಹೆಜ್ಜೆ ಸದ್ದಿಗೆ ತಿರುಗಿದಳು. ನಾನು ಉಸಿರು ಎಳೆದು ಬಾಯಿ ತೆರೆದೆ.

“ಚಿಕ್ಕಮ್ಮ” ಎಂದೆ.

ನಾಲಿಗೆ ಕಚ್ಚಿಕೊಂಡೆ. ಇಷ್ಟು ಹೊತ್ತು ಉರು ಹೊಡೆದದ್ದು ನೀರಲ್ಲಿ ಹೋಮ. ಅವಳು ಕಣ್ಣೀರು ಸುರಿಸುತ್ತಲೇ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪತ್ರಿಕೆಯ ಆ ಎರಡು ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು.

“ನೋಡಿದ್ಯಾ ಮಗ, ಸುಳಿವಲ್ಲಿ ಏನಾದ್ರೂ ತಪ್ಪಿದ್ಯಾ?”